ಚುಕ್ಕಿಯ ಕಾಲು ಏಕೆ ನಡುಗಿತು?

ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ಮೇಲೆ ರಜೆಯಲ್ಲಿ ಅಮ್ಮನ ಜೊತೆ ಶಾರ್ಜಾದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗನಿಗೆ ಒಂಬತ್ತು ವರ್ಷ. ಅವನ ಕೋಣೆಯಲ್ಲಿ ಒಂದು ಗಾಜಿನ ಪೆಟ್ಟಿಗೆ, ಅದರೊಳಗೆ ಹಳದಿ ಮೈಮೇಲೆ ಕಪ್ಪು ಚುಕ್ಕೆಗಳಿರುವ ಗೇಣುದ್ದದ ಒಂದು ಹಲ್ಲಿ. ಲೆಪರ್ಡ್ ಗೆಕೊ ಎಂಬ ಜಾತಿ. ಅವನು ಇಟ್ಟ ಹೆಸರು ಚುಕ್ಕಿ. "ನಮ್ಮ ಮನೆಯ ಗೋಡೆಯಲ್ಲಿ ಬಿಟ್ಟಿಗೆ ಓಡಾಡುವ ಹಲ್ಲಿಗೆ ನೀವು ದುಡ್ಡು ಕೊಟ್ಟಿರಾ?" ಎಂದು ನಾನು ನಕ್ಕೆ.

ನನ್ನ ಮಾತು ಪೂರ್ತಿ ಸರಿಯಲ್ಲ. ನಮ್ಮ ಪಠ್ಯದಲ್ಲಿ ಬರುವ ಹೆಮಿಡ್ಯಾಕ್ಟೈಲಸ್, ಅಂದರೆ ಗೋಡೆಯ ಹಲ್ಲಿಗೆ ಕಣ್ಣುರೆಪ್ಪೆ ಇಲ್ಲ. ಅದು ನಾಲಿಗೆಯಿಂದಲೇ ಕಣ್ಣು ಒರೆಸಿಕೊಳ್ಳುತ್ತದೆ. ಲೆಪರ್ಡ್ ಗೆಕೊಗೆ ರೆಪ್ಪೆ ಇದೆ, ಆದರೆ ಗೋಡೆ ಹತ್ತುವ ಅಂಟು ಪಾದಗಳಿಲ್ಲ. ಅಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಒಣ, ಕಲ್ಲು ನೆಲ ಅದರ ಮೂಲ ನೆಲೆ. ಬಾಲದಲ್ಲಿ ಕೊಬ್ಬು ಕೂಡಿಟ್ಟುಕೊಂಡು ಆಹಾರ ಸಿಗದ ದಿನಗಳನ್ನು ಕಳೆಯುತ್ತದೆ. ಚೆನ್ನಾಗಿ ನೋಡಿಕೊಂಡರೆ 15ರಿಂದ 20 ವರ್ಷ ಬದುಕುತ್ತದೆ.

ಮೂರನೇ ದಿನ ಚುಕ್ಕಿ ನಡೆಯುವುದನ್ನು ನೋಡಿದೆ. ಹೊಟ್ಟೆ ನೆಲಕ್ಕೆ ತಾಗುತ್ತಿತ್ತು, ಹಿಂಗಾಲು ಸಣ್ಣಗೆ ನಡುಗುತ್ತಿತ್ತು. "ಇವಳು ಈಗ ಸೋಮಾರಿ ಆಗಿದ್ದಾಳೆ" ಎಂದ ಹುಡುಗ. ಹೌದು ಎಂದು ನಾನೂ ತಲೆಯಾಡಿಸಿದೆ. ಇನ್ನೆರಡು ದಿನ ಕಳೆದ ಮೇಲೆ ಅವಳು ಕಚ್ಚಿದ ಮಿಡತೆಯಂಥ ಚಿಮ್ಮಂಡೆ ಬಾಯಿಂದ ಜಾರಿ ಬಿತ್ತು. ದವಡೆ ಮುಚ್ಚುತ್ತಲೇ ಇರಲಿಲ್ಲ. ಆಗ ಅಕ್ಕ ಗಾಬರಿಯಾಗಿ ಸರೀಸೃಪಗಳನ್ನು ನೋಡುವ ಪಶುವೈದ್ಯರನ್ನು ಹುಡುಕಿದಳು. ಹತ್ತಿರದ ಎರಡು ಕ್ಲಿನಿಕ್‌ಗಳಲ್ಲಿ ಬೆಕ್ಕು, ನಾಯಿ ಮಾತ್ರ ಎಂದರು. ಮೂರನೆಯವರು ಬನ್ನಿ ಎಂದರು.

ವೈದ್ಯರು ಕೇಳಿದ ಪ್ರಶ್ನೆಗಳು

ಆ ವೈದ್ಯೆ ಮೊದಲು ಔಷಧಿ ಬರೆಯಲಿಲ್ಲ. ಪೆಟ್ಟಿಗೆಯ ಫೋಟೋ ಕೇಳಿದರು. ಒಳಗೆ ಎಷ್ಟು ಡಿಗ್ರಿ ಬಿಸಿ ಇರುತ್ತದೆ? ಯಾವ ದೀಪ? ಏನು ತಿನ್ನಿಸುತ್ತೀರಿ? ಅದರ ಮೇಲೆ ಕ್ಯಾಲ್ಸಿಯಂ ಪುಡಿ ಹಾಕುತ್ತೀರಾ? ನಮ್ಮ ಉತ್ತರ ಇಷ್ಟೇ: ದೀಪ ಇಲ್ಲ, ಕಿಟಕಿಯ ಬಿಸಿಲು ಬೀಳುತ್ತದೆ. ಬರೀ ಚಿಮ್ಮಂಡೆ. ಪುಡಿ ಬೇಕೆಂದು ಅಂಗಡಿಯವರು ಹೇಳಲಿಲ್ಲ. ಹೊರಗೆ 40 ಡಿಗ್ರಿ ಸುಡುತ್ತಿದ್ದರೂ ಮನೆಯೊಳಗೆ ಹಗಲೂ ರಾತ್ರಿ ಎಸಿ 22ರಲ್ಲಿ ಓಡುತ್ತಿತ್ತು.

ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣಬೇಕಾದ ಎಲುಬುಗಳು ಮಸುಕಾಗಿದ್ದವು. ಕಾಯಿಲೆಯ ಹೆಸರು ಮೆಟಬಾಲಿಕ್ ಬೋನ್ ಡಿಸೀಸ್. ಸಾಕಿದ ಹಲ್ಲಿಗಳಲ್ಲಿ ಇದು ಸಾಮಾನ್ಯವಾಗಿ ಕಾಣುವ ಎಲುಬಿನ ರೋಗ.

ಎಲುಬು ಕರಗಿದ್ದು ಹೇಗೆ?

ಚಿಮ್ಮಂಡೆಯಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಬಹಳ ಕಡಿಮೆ. ಗೆಕೊಗೆ ಬೇಕಾದದ್ದು ಇದಕ್ಕೆ ತಿರುಗುಮುರುಗು, ರಂಜಕ ಒಂದು ಪಾಲಿದ್ದರೆ ಕ್ಯಾಲ್ಸಿಯಂ ಸುಮಾರು ಎರಡು ಪಾಲು. ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರಲು ವಿಟಮಿನ್ ಡಿ3 ಬೇಕು. ಚರ್ಮದಲ್ಲಿ ಅದು ತಯಾರಾಗಲು ನೇರಳಾತೀತ ಬಿ ಕಿರಣ ಬೇಕು. ಕಿಟಕಿಯ ಗಾಜು ಬೆಳಕನ್ನು ಒಳಗೆ ಬಿಟ್ಟರೂ ಆ ಕಿರಣವನ್ನು ಬಹುಪಾಲು ತಡೆಯುತ್ತದೆ. ಇನ್ನು, ಗೆಕೊ ಶೀತರಕ್ತ ಪ್ರಾಣಿ. ಸುತ್ತಲಿನ ಬಿಸಿಯೇ ಅದರ ಮೈಬಿಸಿ. ಎಸಿಯ ತಂಪಿನಲ್ಲಿ ಜೀರ್ಣಕ್ರಿಯೆಯೇ ನಿಧಾನವಾಗುತ್ತದೆ.

ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗ ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನು ಎಲುಬಿನಿಂದ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ಕೊಡುತ್ತದೆ. ಹೃದಯ, ಸ್ನಾಯು ನಡೆಯಬೇಕಲ್ಲ! ತಿಂಗಳುಗಟ್ಟಲೆ ಹೀಗಾದರೆ ದವಡೆ ರಬ್ಬರಿನಂತಾಗುತ್ತದೆ, ಕಾಲು ಬಾಗುತ್ತದೆ. ಕೊನೆಗೆ ಎಲುಬಿನ ಉಳಿತಾಯವೂ ಸಾಲದಾದಾಗ ಸ್ನಾಯು ನಡುಗುತ್ತದೆ.

ಈ ಪ್ರಶ್ನೆಗೆ ಮಾರ್ಚ್‌ನಲ್ಲಷ್ಟೇ ನಾನು ಉತ್ತರ ಬರೆದು ಪೂರ್ತಿ ಅಂಕ ಪಡೆದಿದ್ದೆ. ಅದೇ ಉತ್ತರ ಕಣ್ಣೆದುರು ನಡುಗುತ್ತಿದ್ದಾಗ ಸೋಮಾರಿತನ ಎಂದು ಒಪ್ಪಿಕೊಂಡಿದ್ದೆ.

ಚಿಕಿತ್ಸೆ

ವೈದ್ಯೆ ಅಳತೆ ಮಾಡಿದ ದ್ರವ ಕ್ಯಾಲ್ಸಿಯಂ ಮತ್ತು ಡಿ3 ಕೊಟ್ಟರು. ಡಿ3 ಹೆಚ್ಚಾದರೂ ಅಪಾಯ, ನೀವಾಗಿ ಅಳತೆ ಬದಲಿಸಬೇಡಿ ಎಂದು ಎಚ್ಚರಿಸಿದರು. ಉಳಿದ ಔಷಧಿಯೆಲ್ಲ ಪೆಟ್ಟಿಗೆಗೆ! ಒಂದು ತುದಿಯಲ್ಲಿ ಥರ್ಮೋಸ್ಟಾಟ್ ಇರುವ ಬಿಸಿ ಮ್ಯಾಟ್, ಸುಮಾರು 32 ಡಿಗ್ರಿ. ಇನ್ನೊಂದು ತುದಿ ತಂಪಾಗಿ 25. ಗೆಕೊ ತನಗೆ ಬೇಕಾದ ಕಡೆ ಹೋಗಲಿ. ಮೇಲೆ ಕಡಿಮೆ ಶಕ್ತಿಯ ನೇರಳಾತೀತ ದೀಪ. ಚಿಮ್ಮಂಡೆಗಳಿಗೆ ಮೊದಲು ಸೊಪ್ಪು, ಕ್ಯಾರೆಟ್ ತಿನ್ನಿಸಿ, ನಂತರ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಕೊಡಬೇಕು. ಮರಳು ತೆಗೆದು ಪೇಪರ್ ಟವೆಲ್ ಹಾಸಿದೆವು, ಏಕೆಂದರೆ ನುಂಗಿದ ಮರಳು ಕರುಳಿನಲ್ಲಿ ಕಟ್ಟಿಕೊಳ್ಳಬಹುದು. ಎಲುಬು ಮುರಿಯದಂತೆ ಸುಮ್ಮಸುಮ್ಮನೆ ಎತ್ತಬಾರದು.

ಗಮನಿಸಬೇಕಾದ ಇತರ ತೊಂದರೆಗಳು

1. ಪೊರೆ ಅಂಟಿಕೊಳ್ಳುವುದು: ಗಾಳಿ ಒಣಗಿದ್ದರೆ ಪೊರೆ ಪೂರ್ತಿ ಕಳಚುವುದಿಲ್ಲ. ಬೆರಳಿಗೆ ದಾರದಂತೆ ಸುತ್ತಿಕೊಂಡು ರಕ್ತ ನಿಲ್ಲಿಸುತ್ತದೆ, ಬೆರಳೇ ಉದುರಬಹುದು. ಪೆಟ್ಟಿಗೆಯಲ್ಲಿ ಒದ್ದೆ ಪಾಚಿ ಅಥವಾ ಒದ್ದೆ ಟಿಶ್ಯೂ ಇರುವ ಒಂದು ಗೂಡು ಇರಬೇಕು. ಒಣ ಪೊರೆಯನ್ನು ಎಳೆದು ಕೀಳಬಾರದು.

2. ಬಾಲ ಸಣಕಲಾಗುವುದು: ತಿನ್ನುತ್ತಿದ್ದರೂ ಬಾಲ ಕಡ್ಡಿಯಂತಾದರೆ ಕರುಳಿನ ಪರೋಪಜೀವಿ ಇರಬಹುದು. ಕ್ರಿಪ್ಟೋಸ್ಪೊರಿಡಿಯಂ ಎಂಬುದು ಒಂದು ಗೆಕೊದಿಂದ ಇನ್ನೊಂದಕ್ಕೆ ಹರಡುತ್ತದೆ. ಬೇರೆಯಾಗಿ ಇಟ್ಟು, ತಾಜಾ ಹಿಕ್ಕೆಯನ್ನು ಪರೀಕ್ಷೆಗೆ ಕೊಡಬೇಕು.

3. ಕಣ್ಣು ಮುಚ್ಚಿಯೇ ಇರುವುದು, ಬಾಯಲ್ಲಿ ಕೀವು, ಬಾಯಿ ತೆರೆದು ಉಸಿರಾಡುವುದು, ಹಲವು ದಿನ ಹಿಕ್ಕೆ ಹಾಕದೆ ಹೊಟ್ಟೆ ಉಬ್ಬುವುದು: ಮನೆಮದ್ದು ಮಾಡದೆ ವೈದ್ಯರ ಬಳಿ ಹೋಗಬೇಕು.

4. ನಮ್ಮ ಆರೋಗ್ಯ: ಆರೋಗ್ಯವಾಗಿ ಕಾಣುವ ಹಲ್ಲಿಯ ಮೈಮೇಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಅದರ ಪಾತ್ರೆಯನ್ನು ಅಡುಗೆಮನೆಯ ಸಿಂಕ್‌ನಲ್ಲಿ ತೊಳೆಯಬೇಡಿ. ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬೇಡಿ.

ನಾನು ಕಲಿತದ್ದು

ನಾಯಿ ನೋವಾದರೆ ಕುಂಯ್ಗುಡುತ್ತದೆ. ಗೆಕೊ ಹಾಗಲ್ಲ. ಕಾಡಿನಲ್ಲಿ ದುರ್ಬಲವಾಗಿ ಕಂಡ ಪ್ರಾಣಿ ಬೇಗ ಬೇಟೆಯಾಗುತ್ತದೆ, ಆದ್ದರಿಂದ ಅದು ರೋಗವನ್ನು ಮುಚ್ಚಿಡುತ್ತದೆ. ನಮಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೇ ವೈದ್ಯೆ ಒಂದು ನೋಟ್‌ಬುಕ್ ಇಡಲು ಹೇಳಿದರು: ವಾರಕ್ಕೊಮ್ಮೆ ತೂಕ, ಏನು ತಿಂದಿತು, ಯಾವಾಗ ಹಿಕ್ಕೆ ಹಾಕಿತು, ಯಾವಾಗ ಪೊರೆ ಬಿಟ್ಟಿತು. ಪೆಟ್ಟಿಗೆ, ದೀಪ, ವೈದ್ಯರ ಖರ್ಚು ಇವನ್ನು ಮೊದಲೇ ಲೆಕ್ಕ ಹಾಕದೆ ಇಂಥ ಪ್ರಾಣಿಯನ್ನು ತರಲೇಬಾರದು. ನಮ್ಮೂರಿನ ಹಲ್ಲಿಗಳು ಗೋಡೆಯ ಮೇಲೆ, ಕಾಡಿನಲ್ಲಿ ಸುಖವಾಗಿವೆ. ಅವನ್ನು ಹಿಡಿದು ಡಬ್ಬಿಯಲ್ಲಿ ಇಡುವ ಆಸೆ ಯಾರಿಗೂ ಬೇಡ.

ಮೊದಲ ದಿನ ಚುಕ್ಕಿಯ ತೂಕ 38 ಗ್ರಾಂ ಇತ್ತು. ಮೂರು ವಾರದಲ್ಲಿ ನಡುಕ ನಿಂತಿತು. ದವಡೆ ನಿಧಾನವಾಗಿ ಗಟ್ಟಿಯಾಯಿತು. ಬಾಗಿದ ಎಡಗಾಲು ಮಾತ್ರ ಇನ್ನು ನೇರವಾಗದು, ಅದು ನಮ್ಮ ತಪ್ಪಿನ ಗುರುತು. ಅಕ್ಕನ ಮಗ ಪ್ರತಿ ಶುಕ್ರವಾರ ತೂಕ ನೋಡಿ ನನಗೆ ಸಂದೇಶ ಕಳಿಸುತ್ತಾನೆ. ಕಳೆದ ವಾರ ಬಂದದ್ದು: "47 ಗ್ರಾಂ. ಇವತ್ತು ಚಿಮ್ಮಂಡೆ ಬೀಳಿಸಲಿಲ್ಲ."