ಸುಲ್ತಾನ ಬೇಡ, ಅವನ ಊರಿನ ಒಬ್ಬ ಮನುಷ್ಯನಾಗು

ತಮ್ಮಾ,

ನೀನು, ನಿನ್ನ ಕಮಲಾಪುರದ ಗೆಳತಿ, ಜಗತ್‌ನ ಇನ್ನೂ ನಾಲ್ಕಾರು ಹುಡುಗರು ಸೇರಿ ಬಹಮನಿ ಕಾಲದ ಜನರಾಗಿ ಒಂದು ದಿನ ಕಲಬುರಗಿಯ ಕೋಟೆಯಲ್ಲಿ ಓಡಾಡಬೇಕು, ನೋಡಲು ಬಂದವರ ಜೊತೆ ಆ ಕಾಲದವರಂತೆಯೇ ಮಾತಾಡಬೇಕು ಅಂತ ಹೊರಟಿರುವುದನ್ನು ಕೇಳಿ ಬಹಳ ಸಂತೋಷವಾಯಿತು. ಜಗತ್ ವೃತ್ತದಿಂದ ನಡೆದೇ ಕೋಟೆಗೆ ಹೋಗುವಷ್ಟು ಹತ್ತಿರ ಬೆಳೆದವರು ನೀವು. ಆದರೆ ಆ ಗೋಡೆಗಳ ನಡುವೆ ಯಾರ್‍ಯಾರು ದುಡಿದರು, ಏನು ಉಂಡರು, ಯಾತಕ್ಕೆ ಅಂಜಿದರು ಅನ್ನುವುದು ಶಾಲೆಯ ಪಾಠದಲ್ಲಿ ಬರಲಿಲ್ಲ. ರಾಜರ ಪಟ್ಟಿ ಬಂತು, ಯುದ್ಧಗಳ ಇಸವಿ ಬಂತು. ನಿಮ್ಮ ಕೆಲಸ ಆ ಕೊರತೆ ತುಂಬುವಂಥದ್ದು. ಅದಕ್ಕೇ ಬಟ್ಟೆ ಹೊಲಿಯಲು ಕೊಡುವ ಮೊದಲು ನನ್ನ ನಾಲ್ಕು ಮಾತು ಕೇಳು.

ನೀನು ಫಿರೋಜ್ ಶಹಾ ಆಗುತ್ತೇನೆ ಅಂದೆಯಂತೆ. ಬೇಡ. 1397ರಿಂದ 1422ರವರೆಗೆ ಆಳಿದ ಆ ಸುಲ್ತಾನನ ಬಗ್ಗೆ ನಮಗೆ ಸಿಗುವ ಸ್ವಾರಸ್ಯದ ಕಥೆಗಳಲ್ಲಿ ಬಹುಪಾಲು ಚರಿತ್ರೆಕಾರ ಫಿರಿಷ್ತಾ ಬರೆದದ್ದು, ಅದೂ ಸುಮಾರು ಇನ್ನೂರು ವರ್ಷ ಕಳೆದ ಮೇಲೆ. ನೀನು ಅವನಾದರೆ ಫಿರಿಷ್ತಾನ ಮಾತನ್ನು ಬಾಯಿಪಾಠ ಒಪ್ಪಿಸುತ್ತೀಯ, ಕಂಪನಿ ನಾಟಕದ ರಾಜನ ಹಾಗೆ ಕೈ ಎತ್ತುತ್ತೀಯ. ಅಷ್ಟರಲ್ಲಿ ಯಾವುದೋ ಶಾಲೆಯ ಹುಡುಗಿ ಬಂದು ‘ಇವತ್ತು ಮುಂಜಾನೆ ಏನು ತಿಂದಿರಿ?’ ಅಂತ ಕೇಳಿದರೆ ಬಾಯಿ ಕಟ್ಟುತ್ತದೆ. ಅಮೆರಿಕದ ಬರ್ಕ್ಲಿಯಲ್ಲಿ 1966ರಲ್ಲಿ ಒಂದಿಷ್ಟು ಗೆಳೆಯರು ಹಿತ್ತಲಲ್ಲಿ ಸೇರಿ ಶುರುಮಾಡಿದ ಆಟ ಇಂದು ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರನಿಸಂ ಎಂಬ ದೊಡ್ಡ ಸಂಸ್ಥೆಯಾಗಿದೆ. ಹದಿನೇಳನೆಯ ಶತಮಾನಕ್ಕಿಂತ ಹಿಂದಿನ ಮನುಷ್ಯನೊಬ್ಬನನ್ನು ಕಲ್ಪಿಸಿಕೊಂಡು ಅವನ ಹೆಸರಿನಲ್ಲಿ ಬದುಕಿ ನೋಡುವ ಹವ್ಯಾಸ ಅದು. ಅವರಲ್ಲೂ ಚರಿತ್ರೆಯಲ್ಲಿ ನಿಜವಾಗಿ ಬದುಕಿದ್ದ ಪ್ರಸಿದ್ಧ ವ್ಯಕ್ತಿಯಾಗುವಂತಿಲ್ಲ. ಇದ್ದಿರಬಹುದಾದ ಒಬ್ಬನನ್ನು ನೀನೇ ಕಟ್ಟಿಕೊಳ್ಳಬೇಕು, ಪದವಿಯನ್ನು ದುಡಿದು ಪಡೆಯಬೇಕು. ನಮಗೂ ಹೊಂದುವ ನಿಯಮ.

ಮೊದಲು ವರ್ಷ ಹಿಡಿ. ‘ಬಹಮನಿ ಕಾಲ’ ಅಂದರೆ ಏನೂ ಹೇಳಿದಂತಾಗಲಿಲ್ಲ. 1400 ಅಂತ ಇಟ್ಟುಕೋ, ಆಗ ನೋಡು ಊರು ಹೇಗೆ ಬದಲಾಗುತ್ತದೆ. ಎರಡು ವರ್ಷದ ಹಿಂದೆ ತೈಮೂರ್ ದಿಲ್ಲಿಯನ್ನು ಸೂರೆ ಮಾಡಿದ್ದಾನೆ. ಅಲ್ಲಿಂದ ಹೊರಟ ಸೂಫಿ ಸಂತ ಗೇಸುದರಾಜರು, ಅಂದರೆ ನಮ್ಮ ಬಂದೇನವಾಜರು, ಹೆಚ್ಚುಕಡಿಮೆ ಎಂಬತ್ತರ ವಯಸ್ಸಿನಲ್ಲಿ ಕಲಬುರಗಿಗೆ ಬರುವ ಹೊತ್ತು ಅದು. ಬಂದೇನವಾಜರ ದರ್ಗಾದ ಗುಮ್ಮಟ ಎಲ್ಲಿ ಅಂತ ಯಾರಾದರೂ ಕೇಳಿದರೆ ನೀನು ಬೆಪ್ಪಾಗಿ ಮುಖ ನೋಡಬೇಕು, ಯಾಕೆಂದರೆ ಅವರು ತೀರಿಹೋದದ್ದು 1422ರಲ್ಲಿ. ಶರಣಬಸವೇಶ್ವರರ ಗುಡಿಯೂ ಇಲ್ಲ, ಅವರು ಹುಟ್ಟಿದ್ದೇ ಹದಿನೆಂಟನೆಯ ಶತಮಾನದಲ್ಲಿ. ಇವತ್ತು ಈ ಊರಿನವರು ಎದ್ದ ಕೂಡಲೇ ನೆನೆಯುವ ಎರಡು ತಾಣಗಳೂ ಆ ಊರಿನಲ್ಲಿಲ್ಲ! ಹಫ್ತ್ ಗುಂಬಜ್‌ನಲ್ಲಿ ಫಿರೋಜನ ಸಮಾಧಿಯೂ ಇಲ್ಲ. ಬಸವಣ್ಣನ ಕಾಲವಾಗಿ ಇನ್ನೂರು ವರ್ಷ ದಾಟಿದೆ. ಭೀಮೆಯ ದಂಡೆಯಲ್ಲಿ ಫಿರೋಜಾಬಾದ್ ಎಂಬ ಹೊಸ ಪಟ್ಟಣ ಏಳುತ್ತಿದೆ. ಇನ್ನೊಂದು ಮಾತು, ನಿನ್ನ ಮನುಷ್ಯನಿಗೆ ‘1400’ ಅನ್ನುವ ಅಂಕಿಯೇ ಗೊತ್ತಿಲ್ಲ. ಅವನು ವಿಕ್ರಮ ಸಂವತ್ಸರ ಅನ್ನುತ್ತಾನೆ. ಮಸೀದಿಯ ಕಡೆಯವನಾದರೆ ಹಿಜರಿ 802 ಅಥವಾ 803.

ಈಗ ಮನುಷ್ಯ. ಕೋಟೆಯೊಳಗಿನ ಜಾಮಿ ಮಸೀದಿಗೆ ಹೋಗಿ ತಲೆ ಎತ್ತಿ ನೋಡು. ಸಾಮಾನ್ಯವಾಗಿ ಇಂಥ ಮಸೀದಿಗೆ ಇರುವ ಬಯಲು ಅಂಗಳ ಇದಕ್ಕಿಲ್ಲ, ಪೂರ್ತಿ ಚಾವಣಿ. ದೊಡ್ಡ ಗುಮ್ಮಟ ಒಂದು, ಮೂಲೆಗೊಂದು, ಉಳಿದ ಜಾಗಕ್ಕೆಲ್ಲ ಸಾಲುಸಾಲಾಗಿ ಸಣ್ಣ ಗುಮ್ಮಟಗಳು. 1367ರ ಶಾಸನ ಕಟ್ಟಿದವನ ಹೆಸರು ಹೇಳುತ್ತದೆ: ಇರಾನಿನ ಕಜ್ವೀನ್ ಮೂಲದ ರಫಿ. ಆದರೆ ಅಷ್ಟು ಗುಮ್ಮಟಕ್ಕೆ ಎಷ್ಟು ಸುಣ್ಣ ಬೇಕಾಗಿರಬೇಕು, ಯೋಚಿಸು. ಕಲ್ಲು ಸುಟ್ಟವರು, ಎತ್ತು ಕಟ್ಟಿ ಗಾಣದಲ್ಲಿ ಗಾರೆ ಅರೆದವರು, ಬುಟ್ಟಿ ಹೊತ್ತು ಅಟ್ಟಣಿಗೆ ಏರಿದ ಹೆಂಗಸರು, ಇವರಲ್ಲಿ ಒಬ್ಬರ ಹೆಸರೂ ಅಲ್ಲಿಲ್ಲ. ನೀನು ಅವರಲ್ಲೊಬ್ಬನ ಮಗನಾಗು. ಅಪ್ಪ ಮಸೀದಿಯ ಗಾರೆಗೆ ದುಡಿದವನು. ನೀನು ಈಗ ಕೂಲಿ ಹುಡುಕಿಕೊಂಡು ಫಿರೋಜಾಬಾದಿಗೆ ಹೋಗುವವನು. ಇಂದಿಗೂ ಸುಣ್ಣದ ಕೆಲಸ ಮಾಡುವವರ ಬಳಿ ಕೂತು ಕೈ ನೋಡು. ಬೆರಳ ಸಂದಿ ಬಿರಿದಿರುತ್ತದೆ, ಉಗುರಿನ ಬುಡ ಬೆಳ್ಳಗೆ ಸವೆದಿರುತ್ತದೆ, ಕಣ್ಣಿಗೆ ಸಿಡಿದರೆ ಏನು ಮಾಡಬೇಕೆಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅದನ್ನೆಲ್ಲ ತಿಳಿದುಕೊಂಡು ಬಾ. ನಿನ್ನ ಮನುಷ್ಯ ಯಾರಿಗೆ ಸಾಲ ತೀರಿಸಬೇಕು, ಅವ್ವ ಯಾವ ದೇವರಿಗೆ ಹರಕೆ ಹೊತ್ತಿದ್ದಾಳೆ, ಊರು ಬಿಡುವಾಗ ಎಮ್ಮೆಯನ್ನು ಯಾರ ಕೈಗೆ ಒಪ್ಪಿಸಿ ಬಂದ, ಇಷ್ಟಕ್ಕೆ ನಿನ್ನಲ್ಲಿ ಉತ್ತರವಿದ್ದರೆ ನೋಡಲು ಬಂದವರು ನಿನ್ನನ್ನು ಬಿಟ್ಟು ಹೋಗುವುದಿಲ್ಲ.

ಬಹಮನಿಯೇ ಆಗಬೇಕೆಂದು ನನ್ನ ಹಟವೇನಿಲ್ಲ. ಚಿತ್ತಾಪುರದ ಪಕ್ಕದ ನಾಗಾವಿಗೆ ಯಲ್ಲಮ್ಮನ ದರ್ಶನಕ್ಕೆ ನೀವು ಹೋಗುತ್ತೀರಿ. ಅಲ್ಲಿ 1058ರಲ್ಲಿ, ಶಕ 980ರ ವಿಳಂಬಿ ಸಂವತ್ಸರದಲ್ಲಿ, ಒಂದು ಘಟಿಕಾಸ್ಥಾನಕ್ಕೆ ದತ್ತಿ ಬಿಟ್ಟ ಶಾಸನವಿದೆ. ವೇದ ಓದುವ ಇನ್ನೂರು ವಿದ್ಯಾರ್ಥಿಗಳಿಗೆ, ಶಾಸ್ತ್ರ ಓದುವವರಿಗೆ, ಉಪಾಧ್ಯಾಯರಿಗೆ ವ್ಯವಸ್ಥೆ ಮಾಡಿದ ಆ ಶಾಸನ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಹೆಸರಿಸುತ್ತದೆ. ಅಂದರೆ ಗ್ರಂಥಪಾಲಕರು! ಸಾವಿರ ವರ್ಷದ ಹಿಂದೆ ನಮ್ಮ ಜಿಲ್ಲೆಯಲ್ಲಿ ತಾಳೆಗರಿಯ ಕಟ್ಟುಗಳನ್ನು ಹುಳ ಹಿಡಿಯದಂತೆ ಕಾಯುವುದೇ ಕೆಲಸವಾಗಿದ್ದ ಆರು ಜನರಿದ್ದರು. ಓದುವ ಗೀಳಿನ ಹುಡುಗ ನಿಮ್ಮ ಗುಂಪಿನಲ್ಲಿದ್ದಾನಲ್ಲ, ಅವನಿಗೆ ಇದಕ್ಕಿಂತ ಒಳ್ಳೆಯ ಪಾತ್ರ ನನಗೆ ಕಾಣುವುದಿಲ್ಲ. ಹೆಸರು ಹುಡುಕಲು ಸಿನಿಮಾ ನೋಡಬೇಡಿ. ಪಿ.ಬಿ. ದೇಸಾಯಿ ಅವರು ಸಂಪಾದಿಸಿದ ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನಗಳ ಸಂಪುಟ ಗ್ರಂಥಾಲಯದಲ್ಲಿ ಸಿಕ್ಕರೆ ತೆಗೆಸಿ ಓದಿ. ಶಾಸನಗಳಲ್ಲಿ ಸೆಟ್ಟಿಗಳು, ಗಾವುಂಡರು, ಸೇನಬೋವರು, ನಂದಾದೀಪಕ್ಕೆ ಗಾಣಕ್ಕೆ ಇಷ್ಟು ಅಂತ ಎಣ್ಣೆ ಬಿಟ್ಟ ತೆಲ್ಲಿಗರು, ಎಲ್ಲರೂ ತಮ್ಮ ತಮ್ಮ ಹೆಸರಿನ ಸಮೇತ ಸಿಗುತ್ತಾರೆ.

ನಿನ್ನ ಗೆಳತಿಗೆ ಅವಳ ಊರ ದಾರಿಯೇ ಪಾತ್ರ ಕೊಡುತ್ತದೆ. 1420ರ ದಶಕದಲ್ಲಿ ಸುಲ್ತಾನ ಅಹಮದ್ ಶಹಾ ರಾಜಧಾನಿಯನ್ನು ಇಲ್ಲಿಂದ ಬೀದರಿಗೆ ಒಯ್ದ. ದರ್ಬಾರು ಎದ್ದು ಹೋದಾಗ ಅದನ್ನೇ ನಂಬಿ ಬದುಕಿದ್ದವರು ಏನು ಮಾಡಿರಬೇಕು? ನೇಕಾರರು, ಕುದುರೆ ನೋಡಿಕೊಳ್ಳುವವರು, ಹೂವಾಡಿಗರು? ಕೆಲವರು ಗಂಟು ಕಟ್ಟಿದರು, ಕೆಲವರು ಇಲ್ಲೇ ಉಳಿದು ಬಡವಾದರು. ಬೀದರ್ ಇರುವುದು ಈಗಿನ ಕಮಲಾಪುರ, ಹುಮನಾಬಾದಿನ ದಿಕ್ಕಿಗೇ. ಆ ರಸ್ತೆಯ ಬದಿಯ ಹೊಳಕುಂದಾದಲ್ಲಿ ಹಳೆಯ ಗೋರಿಗಳ ಗುಂಪೊಂದನ್ನು ಅವಳು ಬಸ್ಸಿನ ಕಿಟಕಿಯಿಂದ ಎಷ್ಟು ಸಲ ನೋಡಿಲ್ಲ! ಗಂಡ ಮುಂದೆ ಹೋಗಿದ್ದಾನೆ, ಅತ್ತೆ ಬರಲೊಲ್ಲಳು, ಬಂಡಿ ನಿಂತಿದೆ. ಅಂಥ ಒಬ್ಬಾಕೆ ಆಗಲಿ ಅವಳು. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಮಾನ್ಯತೆ ಬಂದ ಹೆಮ್ಮೆಗೆ ಗೊನೆ ಹಿಡಿದು ನಿಲ್ಲುತ್ತೇನೆ ಅಂದಳಂತೆ. ಫೋಟೊ ಚೆನ್ನಾಗಿ ಬರುತ್ತದೆ. ಆದರೆ ಆ ಕಾಲದ ಆಧಾರ ಕೈಗೆ ಸಿಗುವತನಕ ಬುಟ್ಟಿಯಲ್ಲಿ ಜೋಳವೂ ತೊಗರಿಯೂ ಇರಲಿ.

ಊಟದಲ್ಲೇ ಜನ ಹೆಚ್ಚು ಎಡವುವುದು. ನಿಮ್ಮ ಮನೆಯ ಇವತ್ತಿನ ತಾಟು ತೆಗೆದುಕೋ: ಜೋಳದ ರೊಟ್ಟಿ, ಬೇಳೆ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಕೆಂಪು ಖಾರ, ಸಂಜೆಗೆ ಮಿರ್ಚಿ ಭಜಿ, ಚಹಾ. ಮೆಣಸಿನಕಾಯಿ, ಶೇಂಗಾ, ಟೊಮೆಟೊ, ಆಲೂಗಡ್ಡೆ ನಾಲ್ಕೂ ಅಮೆರಿಕ ಖಂಡದವು. ಕೊಲಂಬಸ್ ಅಲ್ಲಿಗೆ ಮುಟ್ಟಿದ್ದು 1492ರಲ್ಲಿ, ಪೋರ್ಚುಗೀಸರ ಹಡಗು ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಅವನ್ನು ತೆಗೆ. ಚಹಾ ತೆಗೆ. ರೊಟ್ಟಿ ಉಳಿಯಿತು, ತೊಗರಿ ಉಳಿಯಿತು, ಬದನೆ ಉಳಿಯಿತು, ಮಜ್ಜಿಗೆ, ಅಂಬಲಿ, ಎಳ್ಳು, ಅಗಸಿ ಹಿಂಡಿ ಉಳಿಯಿತು. ಖಾರಕ್ಕೆ ಶುಂಠಿ, ಹಿಪ್ಪಲಿ, ಘಟ್ಟದ ಕಡೆಯಿಂದ ಬರಬೇಕಾದ ಕರಿಮೆಣಸು. ಕೂಲಿಯವನಿಗೆ ಕರಿಮೆಣಸು ದಿನವೂ ಎಟಕುವ ವಸ್ತುವಲ್ಲ. ಹಸಿಮೆಣಸಿನಕಾಯಿ ಇಲ್ಲದೆ ತುತ್ತು ಇಳಿಯದ ನೀನು ಒಂದು ವಾರ ಹೀಗೆ ಉಂಡು ನೋಡು. ಪಾತ್ರ ಅರ್ಧ ಅಲ್ಲೇ ಸಿಗುತ್ತದೆ. ಚಾಲುಕ್ಯರ ಮನೆತನದ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅಡುಗೆಯ ವಿವರ ಧಾರಾಳವಾಗಿದೆ, ಆದರೆ ಅದು ಅರಮನೆಯ ಅಡುಗೆ ಅನ್ನುವುದು ನೆನಪಿರಲಿ.

ಬಟ್ಟೆಗೆ ಕೈಮಗ್ಗದ ಹತ್ತಿ ಸಾಕು. ಮಿಂಚುವ ಜರಿ, ನೈಲಾನು ಬೇಡ. ಗುಂಡಿ, ಪಿನ್ನು ಬಿಟ್ಟು ಕಸೆ ಕಟ್ಟುವ ಅಂಗಿ ಹೊಲಿಸು. ಬಣ್ಣ ಬೇಕಾದರೆ ನೀಲಿ ಇದೆ, ಮಂಜಿಷ್ಠದ ಕೆಂಪು ಇದೆ, ನಮ್ಮ ಹೊಲಗಳ ಕುಸುಬೆ ಹೂವಿನ ಬಣ್ಣ ಇದೆ. ಗುಡಿಯ ಮದನಿಕೆಯನ್ನು ನೋಡಿ ಸೀರೆ ಉಡಿಸಬೇಡಿ. ಊರ ಹೊರಗಿನ ವೀರಗಲ್ಲು ನೋಡಿ. ಕುಲ್ಲಾಯಿ ಎಂಬ ಟೊಪ್ಪಿಗೆ, ಕಬಾಯಿ ಎಂಬ ನಿಲುವಂಗಿ ದರ್ಬಾರಿನವರಿಗೆ. ಅದು ಮುಸಲ್ಮಾನರ ಉಡುಪು ಅಂತ ಯಾರಾದರೂ ತಕರಾರು ಎತ್ತಿದರೆ, ವಿಜಯನಗರದ ಆಸ್ಥಾನದಲ್ಲೂ ಅದನ್ನೇ ತೊಡುತ್ತಿದ್ದರು ಅಂತ ಸಮಾಧಾನದಿಂದ ಹೇಳಿ. ಈ ಕೋಟೆಯಲ್ಲಿ ಇರಾನಿನವನೂ ದಿಲ್ಲಿಯವನೂ ಇಲ್ಲಿಯ ಕನ್ನಡದವನೂ ಒಟ್ಟಿಗೆ ದುಡಿದಿದ್ದಾರೆ. ಇಂದಿನ ಜಗಳವನ್ನು ಅವರ ಬಾಯಲ್ಲಿ ಆಡಿಸಬೇಡಿ. ನಮಾಜನ್ನಾಗಲಿ, ಲಿಂಗಪೂಜೆಯನ್ನಾಗಲಿ ಜನರ ಮುಂದೆ ಅಭಿನಯಿಸಿ ತೋರಿಸಬೇಡಿ. ನಿನ್ನ ಮನುಷ್ಯನಿಗೆ ಭಕ್ತಿ ಇರಲಿ, ಅದರ ಪ್ರದರ್ಶನ ಬೇಡ.

ಮಾತು, ನಡೆ ಕಲಿಯಲು ಹಗಲುವೇಷದವರನ್ನು ಹುಡುಕಿ ಹೋಗು. ಬುಡಗ ಜಂಗಮರ ಮನೆಗಳಲ್ಲಿ ಈಗಲೂ ಹಿರಿಯರು ಸಿಗುತ್ತಾರೆ. ಅವರಿಗೆ ರಂಗವಿಲ್ಲ, ಪರದೆಯಿಲ್ಲ, ದೀಪವಿಲ್ಲ. ನಡುಹಗಲಿನಲ್ಲಿ ಮನೆಯ ಕಟ್ಟೆಯ ಮುಂದೆ, ಕೈಗೆಟಕುವಷ್ಟು ಹತ್ತಿರ ನಿಂತವರೆದುರು ವೇಷ ನಿಲ್ಲಬೇಕು. ನಿಮ್ಮ ಪರಿಸ್ಥಿತಿಯೂ ಅದೇ. ಅವರು ಮಕ್ಕಳ ಪ್ರಶ್ನೆಗೆ ವೇಷ ಕಳಚದೆ ಹೇಗೆ ಉತ್ತರಿಸುತ್ತಾರೆ, ನಗುವವನನ್ನು ಹೇಗೆ ಒಳಗೆ ಸೇರಿಸಿಕೊಳ್ಳುತ್ತಾರೆ, ನೋಡಿಕೋ. ಕಲಿಸಿದ್ದಕ್ಕೆ ಸಂಭಾವನೆ ಕೊಟ್ಟು ಬಾ. ಹಳಗನ್ನಡ ಒತ್ತಾಯದಿಂದ ಮಾತಾಡಲು ಹೋಗಬೇಡ, ನಮ್ಮ ಕಲಬುರಗಿಯ ಮಾತೇ ಸಾಕು. ಗಂಟೆ, ನಿಮಿಷದ ಬದಲು ಜಾವ, ಗಳಿಗೆ ಅನ್ನುವುದನ್ನು ರೂಢಿ ಮಾಡಿಕೋ.

ಯಾರಾದರೂ ‘ಇದೆಲ್ಲ ನಿಜವೇ?’ ಅಂತ ಕೇಳಿದಾಗ ಮಾತ್ರ ವೇಷದಿಂದ ಹೊರಗೆ ಬಾ. ಮಸೀದಿಯ ಇಸವಿ, ರಫಿಯ ಹೆಸರು ಶಾಸನದ್ದು. ನನ್ನ ಹೆಸರು, ನನ್ನ ಅಪ್ಪ, ಎಮ್ಮೆ ನಾವು ಕಟ್ಟಿದ್ದು ಅಂತ ಬೇರೆ ಬೇರೆ ಮಾಡಿ ಹೇಳು. ಇದಕ್ಕೆ ಒಂದು ನೋಟ್‌ಬುಕ್ಕಿನಲ್ಲಿ ಎಡಪುಟಕ್ಕೆ ಆಧಾರ, ಬಲಪುಟಕ್ಕೆ ಕಲ್ಪನೆ ಬರೆದಿಡು. ಎಡಪುಟ ಖಾಲಿ ಇದ್ದರೆ ಆ ಸಂಗತಿಯನ್ನು ಜನರೆದುರು ಆಡಬೇಡ.

ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಅನುಮತಿಯ ಅರ್ಜಿ ಮೊದಲೇ ಹೋಗಲಿ. ಗೋಡೆಗೆ ಮೊಳೆ ಹೊಡೆಯುವುದು, ಒಲೆ ಹಚ್ಚುವುದು ಯಾವುದೂ ಬೇಡ. ಅರ್ಜಿಯ ಕರಡು ಬರೆದು ತಾ, ತಿದ್ದಿ ಕೊಡುತ್ತೇನೆ. ಬರುವಾಗ ನಿನ್ನ ಗೆಳತಿಯನ್ನೂ ಕರೆದುಕೊಂಡು ಬಾ. ಬೀದರಿಗೆ ಹೊರಟ ಆ ಹೆಂಗಸು ಬಂಡಿಯಲ್ಲಿ ಏನೇನು ಹೇರಿದಳು, ಏನನ್ನು ಬಿಟ್ಟು ಹೋದಳು ಅಂತ ಅವಳನ್ನು ಕೇಳುವುದಿದೆ.