ಕಾರಿನ ಎಕ್ಸಾಸ್ಟ್ ಬದಲಿಸುವ ಮುನ್ನ ಕಾನೂನು ನೋಡಿ

ಪಿಕಪ್ ಹೆಚ್ಚುತ್ತೆ, ಸದ್ದು ಗತ್ತಾಗಿರುತ್ತೆ, ಮೈಲೇಜೂ ಬರುತ್ತೆ. ಹೊರಗಿನ ಎಕ್ಸಾಸ್ಟ್ ಕೂರಿಸುವ ಗ್ಯಾರೇಜುಗಳು ಕೊಡುವ ಭರವಸೆ ಸಾಮಾನ್ಯವಾಗಿ ಈ ಮೂರು. ಕಾನೂನಿನ ತೊಂದರೆ ಬರೋದಿಲ್ಲವೇ ಎಂದರೆ ಸಿದ್ಧ ಉತ್ತರ: “ಆರ್‌ಸಿಯಲ್ಲಿ ಸೈಲೆನ್ಸರ್ ವಿಷಯವೇ ಇಲ್ಲವಲ್ಲ ಸರ್, ಯಾರು ಕೇಳ್ತಾರೆ?” ಈ ಉತ್ತರದಲ್ಲಿ ಅರ್ಧ ಸತ್ಯವಿದೆ. ಅಪಾಯ ಇರುವುದೂ ಅಲ್ಲೇ.

ಎಕ್ಸಾಸ್ಟ್ ಬದಲಿಸುವುದು ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕೆಲಸ ನಡೆಯುತ್ತವೆ. ಒಂದು, ಹೊಗೆಯಲ್ಲಿನ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಮುಟ್ಟದೆ ಅದರ ಹಿಂದಿನ ಪೈಪು ಮತ್ತು ಸೈಲೆನ್ಸರ್ ಬದಲಿಸುವುದು. ಇನ್ನೊಂದು, ಕನ್ವರ್ಟರನ್ನೇ ಕಿತ್ತು ನೇರ ಪೈಪು ಹಾಕುವುದು. ಕೆಲವೆಡೆ ಹೊರಗಿನ ಡಬ್ಬಿ ಹಾಗೇ ಇರಲೆಂದು ಅದನ್ನು ಕೊಯ್ದು, ಒಳಗಿನ ಜೇನುಗೂಡಿನಂಥ ಸೆರಾಮಿಕ್ ಇಟ್ಟಿಗೆಯನ್ನು ಒಡೆದು ತೆಗೆದು, ಮತ್ತೆ ವೆಲ್ಡ್ ಮಾಡಿಕೊಡುತ್ತಾರೆ. ಹಿಂದಿನ ಆಕ್ಸಿಜನ್ ಸೆನ್ಸರ್ ಸುಳಿವು ಕೊಡದಿರಲು ಅದಕ್ಕೊಂದು ಸ್ಪೇಸರ್ ಸಿಕ್ಕಿಸುತ್ತಾರೆ. ಆ ಇಟ್ಟಿಗೆಯ ಮೇಲಿನ ತೆಳು ಲೇಪದಲ್ಲಿ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಇರುತ್ತವೆ. ಕಿತ್ತ ‘ಗುಜರಿ’ಯನ್ನು ಗ್ಯಾರೇಜಿನವರು ಅಕ್ಕರೆಯಿಂದ ತಾವೇ ಇಟ್ಟುಕೊಂಡರೆ ಕಾರಣ ಇದೇ ಇರಬಹುದು!

ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ 1995ರಲ್ಲೇ ಕನ್ವರ್ಟರ್ ಕಡ್ಡಾಯವಾಯಿತು. 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಬಿಎಸ್-6 ಹೊಗೆ ಮಾನದಂಡ ಜಾರಿಯಲ್ಲಿದೆ. ನಿಮ್ಮ ಆರ್‌ಸಿಯಲ್ಲಿ ಸೈಲೆನ್ಸರ್ ಹೆಸರಿಲ್ಲ, ನಿಜ. ಆದರೆ ವಾಹನ ಯಾವ ಹೊಗೆ ಮಾನದಂಡದ್ದು ಎಂಬುದು ನಮೂದಾಗಿರುತ್ತದೆ. ಕನ್ವರ್ಟರ್ ಕಿತ್ತ ಕಾರು ಆ ನಮೂದಿಗೆ ತಕ್ಕ ಕಾರಾಗಿ ಉಳಿಯುವುದಿಲ್ಲ.

ಮೋಟಾರು ವಾಹನ ಕಾಯ್ದೆ, 1988ರ ಕಲಂ 52 ಹೇಳುವುದು ಇದನ್ನೇ: ತಯಾರಕರು ಮೂಲತಃ ನಿಗದಿಪಡಿಸಿದ, ಆರ್‌ಸಿಯಲ್ಲಿರುವ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾಲೀಕ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ ಕಲಂ 182ಎ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಶಿಕ್ಷೆ ಮಾಲೀಕನಿಗೆ ಎಂಬುದನ್ನು ಗಮನಿಸಿ. “ಮೆಕ್ಯಾನಿಕ್ ಮಾಡಿದ್ದು” ಎಂದರೆ ನಡೆಯದು.

ಹೊಗೆ ಮತ್ತು ಸದ್ದಿನ ಮಾನದಂಡ ಮೀರಿ ವಾಹನ ಓಡಿಸಿದರೆ ಕಲಂ 190(2) ಪ್ರತ್ಯೇಕವಾಗಿ ಅನ್ವಯಿಸುತ್ತದೆ. ಮೊದಲ ಅಪರಾಧಕ್ಕೆ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ. ಕನ್ವರ್ಟರ್ ಉಳಿಸಿಕೊಂಡು ಸೈಲೆನ್ಸರ್ ಮಾತ್ರ ಬದಲಿಸಿದವರೂ ಸದ್ದು ಜೋರಾದರೆ ಇಲ್ಲಿ ಸಿಕ್ಕಿಬೀಳುತ್ತಾರೆ. ಸದ್ದು ತಗ್ಗಿಸುವ ಸಾಧನ ಇರಲೇಬೇಕೆನ್ನುತ್ತದೆ ಕೇಂದ್ರ ಮೋಟಾರು ವಾಹನ ನಿಯಮ 120. ಹಾಗಾಗಿ ಮೊದಲ ಬಗೆಯ ಕೆಲಸಕ್ಕೂ ‘ಪೂರ್ತಿ ಸುರಕ್ಷಿತ’ ಎಂಬ ಮುದ್ರೆ ಒತ್ತಲಾರೆ. ಎರಡನೆಯದರ ಬಗ್ಗೆ ಮಾತ್ರ ಅನುಮಾನವೇ ಬೇಡ, ಅದು ಅಕ್ರಮ.

“ಎಮಿಷನ್ ಟೆಸ್ಟ್ ಪಾಸಾಗಿದೆಯಲ್ಲ” ಎನ್ನುವವರಿದ್ದಾರೆ. ಬಿಎಸ್-4 ಮತ್ತು ನಂತರದ ಪೆಟ್ರೋಲ್ ಕಾರುಗಳಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ 0.3, ಹೈಡ್ರೋಕಾರ್ಬನ್ 200 ಪಿಪಿಎಂ. ನೈಟ್ರೋಜನ್ ಆಕ್ಸೈಡನ್ನು ಈ ತಪಾಸಣೆ ಅಳೆಯುವುದೇ ಇಲ್ಲ. ಪ್ರಮಾಣಪತ್ರ ಕೈಯಲ್ಲಿದ್ದ ಮಾತ್ರಕ್ಕೆ ಮಾರ್ಪಾಡು ಸಕ್ರಮವಾಗದು. ನಿಯಮ 116ರ ಪ್ರಕಾರ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಲ್ಲದ ಪೊಲೀಸ್ ಅಧಿಕಾರಿ ಅಥವಾ ಮೋಟಾರು ವಾಹನ ನಿರೀಕ್ಷಕರು, ಅನುಮಾನಕ್ಕೆ ಕಾರಣವಿದ್ದರೆ, ಮರುತಪಾಸಣೆಗೆ ಲಿಖಿತವಾಗಿ ಸೂಚಿಸಬಹುದು.

ಇನ್ನು ನಿಮ್ಮ ಹಕ್ಕುಗಳ ಮಾತು. ರಸ್ತೆಯಲ್ಲಿ ತಡೆದವರು ಪ್ರಕರಣ ದಾಖಲಿಸಿದರೆ ಯಾವ ಕಲಂ ಎಂದು ಕೇಳಿ, ಚಲನ್ ಪಡೆಯಿರಿ. ರಸೀದಿಯಿಲ್ಲದೆ ಹಣ ಕೊಡಬೇಡಿ. ದಾಖಲೆ ವಶಕ್ಕೆ ಪಡೆದರೆ ಸ್ವೀಕೃತಿ ಕೇಳಿ ಪಡೆಯಿರಿ. ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿ ತೋರಿಸಿದ ಆರ್‌ಸಿಗೂ ಮಾನ್ಯತೆ ಇದೆ. ತಪ್ಪು ಒಪ್ಪದಿದ್ದರೆ ಚಲನ್ ಪ್ರಶ್ನಿಸಬಹುದು. ಆರ್‌ಟಿಒ ನಿಮ್ಮ ನೋಂದಣಿ ಅಮಾನತು ಮಾಡಬೇಕಾದರೆ ಕಲಂ 53ರಂತೆ ಮೊದಲು ನೋಟಿಸ್ ಕೊಟ್ಟು ನಿಮ್ಮ ಮಾತು ಕೇಳಬೇಕು. ಆದೇಶ ತಲುಪಿದ 30 ದಿನದೊಳಗೆ ಕಲಂ 57ರಡಿ ಮೇಲ್ಮನವಿಗೆ ಅವಕಾಶವಿದೆ.

ಮಾರಿದವರ ಮೇಲೂ ಹೋಗಬಹುದು. “ರಸ್ತೆಗೆ ಕಾನೂನುಬದ್ಧ” ಎಂದು ನಂಬಿಸಿ ಮಾರಿದ್ದರೆ ಅದು ಅನುಚಿತ ವ್ಯಾಪಾರ ಪದ್ಧತಿ. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಿ. ಬಿಲ್ಲು ಮತ್ತು ಅವರ ಭರವಸೆಯ ವಾಟ್ಸ್ಆ್ಯಪ್ ಸಂದೇಶಗಳನ್ನು ಅಳಿಸಬೇಡಿ. ಬಿಲ್ಲಿಲ್ಲದ ಕೆಲಸವಾದರೆ ದೂರು ನಿಲ್ಲುವುದು ಕಷ್ಟ.

ಕನ್ವರ್ಟರ್ ನಿಜವಾಗಿಯೂ ಕೆಟ್ಟಿದ್ದರೆ? ಚೆಕ್ ಎಂಜಿನ್ ದೀಪ ಹತ್ತಿ, ಸ್ಕ್ಯಾನರ್‌ನಲ್ಲಿ ಪಿ0420 ಎಂಬ ಕೋಡ್ ಬಂದ ಕೂಡಲೇ ಬದಲಿಸಬೇಕೆಂದೇನಿಲ್ಲ. ಎಷ್ಟೋ ಸಲ ಸೆನ್ಸರ್ ಕೆಟ್ಟಿರುತ್ತದೆ, ಇಲ್ಲವೇ ಪೈಪಿನಲ್ಲಿ ಸೋರಿಕೆ ಇರುತ್ತದೆ. ಅವನ್ನು ಪರೀಕ್ಷಿಸಲು ಹೇಳಿ. ವಾರಂಟಿ ಇದೆಯೇ ನೋಡಿ. ಬದಲಿಸಲೇಬೇಕಾದರೆ ನಿಮ್ಮ ಮಾದರಿಗೆ ತಯಾರಕರು ಹೇಳಿದ ಬಿಡಿಭಾಗವನ್ನೇ ಹಾಕಿಸಿ, ಪಾರ್ಟ್ ನಂಬರ್ ಸಹಿತ ಬಿಲ್ಲು ಪಡೆಯಿರಿ. ದುಬಾರಿ, ನಿಜ. ಅದಕ್ಕೇ ಖಾಲಿ ಡಬ್ಬಿಯ ವ್ಯಾಪಾರ ನಡೆಯುವುದು. ಹಳೆ ಕಾರು ಕೊಳ್ಳುವವರು ಒಮ್ಮೆ ಲಿಫ್ಟ್ ಮೇಲೆ ಏರಿಸಿ, ಕನ್ವರ್ಟರ್ ಡಬ್ಬಿಯ ಮೇಲೆ ಹೊಸ ವೆಲ್ಡಿಂಗ್ ಗುರುತಿದೆಯೇ ನೋಡಿ. ಕಾರು ನಿಮ್ಮ ಹೆಸರಿಗೆ ಬಂದ ಮೇಲೆ ಪೊಲೀಸರು ಕೇಳುವುದು ನಿಮ್ಮನ್ನೇ.