ಅಡಿಗೆ ಕಟ್ಟೆಯ ದುಂಡು ಅಂಚು: ಕೈಗೆ ಕಸುಬು, ಉಸಿರಿಗೆ ಎಚ್ಚರ



ಹೊಸ ಮನೆಯ ಅಡಿಗೆ ಕೋಣೆಗೆ ಹೋದವರು ಮೊದಲು ಕೈಯಾಡಿಸುವುದು ಕಟ್ಟೆಯ ಅಂಚಿನ ಮೇಲೆ. ಅಂಚು ದುಂಡಗಿದ್ದು ಹೊಳೆಯುತ್ತಿದ್ದರೆ "ಕೆಲಸ ಚೆನ್ನಾಗಿದೆ" ಅಂತಾರೆ. ಈ ಹೊಳಪು ತರುವ ಹುಡುಗರಲ್ಲಿ ಅನೇಕರು ನಮ್ಮ ಸಂಘಗಳ ಮನೆಗಳಿಂದಲೇ ಹೋಗುವವರು. ಆದರೆ ಆ ಕೆಲಸ ಹೇಗೆ ನಡೆಯುತ್ತದೆ, ಅದರಿಂದ ದೇಹಕ್ಕೆ ಏನಾಗುತ್ತದೆ ಎಂಬುದು ಮನೆಯವರಿಗೆ ತಿಳಿದಿರುವುದು ಕಡಿಮೆ. ಆದ್ದರಿಂದ ಈ ಸಲದ ಪಾಠಕ್ಕೆ ಇದೇ ವಿಷಯವನ್ನು ಆರಿಸಿಕೊಂಡಿದ್ದೇವೆ.

1. ಕಲ್ಲನ್ನು ಮೊದಲು ಗುರುತಿಸಿ

ಅಂಗಡಿಯಲ್ಲಿ ಎಲ್ಲವೂ ಹೊಳೆಯುವ ಕಲ್ಲೇ. ಗುಣ ಮಾತ್ರ ಬೇರೆ ಬೇರೆ.

ಮಾರ್ಬಲ್: ಸುಣ್ಣದ ಜಾತಿಯ ಮೆದು ಕಲ್ಲು. ರಾಜಸ್ಥಾನದ ಮಕ್ರಾನಾದ ಮಾರ್ಬಲ್ ಹೆಸರುವಾಸಿ. ಬೇಗ ಸವೆಯುತ್ತದೆ, ಬೇಗ ಆಕಾರಕ್ಕೆ ಬರುತ್ತದೆ. ಲಿಂಬೆ, ಹುಣಸೆ ಬಿದ್ದರೆ ಹೊಳಪು ಹೋಗಿ ಕಲೆಯಾಗುತ್ತದೆ.

ಗ್ರಾನೈಟ್: ಇಳಕಲ್ಲಿನ ಕೆಂಪು ಕಲ್ಲು, ಚಾಮರಾಜನಗರದ ಕಪ್ಪು ಕಲ್ಲು ನಮಗೆ ಪರಿಚಿತ. ಇವು ಬಹಳ ಗಟ್ಟಿ. ಹುಳಿ ಬಿದ್ದರೆ ಸುಲಭವಾಗಿ ಕೆಡುವುದಿಲ್ಲ. ಕೆಂಪು, ಬಿಳಿ ಗ್ರಾನೈಟಿನಲ್ಲಿ ಸಿಲಿಕಾ ಎಂಬ ಖನಿಜದ ಹರಳು ಹೆಚ್ಚು.

ಕ್ವಾರ್ಟ್ಜ್: ಕಲ್ಲಿನ ಪುಡಿಗೆ ಅಂಟು ಸೇರಿಸಿ ಕಾರ್ಖಾನೆಯಲ್ಲಿ ಒತ್ತಿ ಮಾಡಿದ ಹಲಗೆ. ಇದರಲ್ಲಿ ಸಾಮಾನ್ಯವಾಗಿ ನೂರಕ್ಕೆ 90ರಷ್ಟು ಸಿಲಿಕಾನೇ ಇರುತ್ತದೆ.

2. ಅಂಚು ಯಾಕೆ ದುಂಡಗಿರಬೇಕು?

ಇದು ಬರೀ ಚಂದಕ್ಕಲ್ಲ. ಚೂಪಾದ ಅಂಚು ಪಾತ್ರೆ ತಗುಲಿದರೆ ಚಕ್ಕೆ ಏಳುತ್ತದೆ. ಓಡಾಡುವ ಮಕ್ಕಳ ಹಣೆಗೆ ಬಡಿಯುವುದೂ ಅದೇ. ಮೇಲಿನ ಮೂಲೆ ಮಾತ್ರ ದುಂಡು ಮಾಡಿದರೆ ಹಾಫ್ ರೌಂಡ್, ಮೇಲೆ ಕೆಳಗೆ ಎರಡೂ ಮಾಡಿದರೆ ಫುಲ್ ರೌಂಡ್ ಅಂತಾರೆ. ಸಿಂಕ್ ಇಡುವ ತೂತಿನ ಒಳಮೂಲೆಯನ್ನೂ ಚೂಪಾಗಿ ಬಿಡಬಾರದು, ಬಿರುಕು ಶುರುವಾಗುವುದು ಅಲ್ಲಿಂದಲೇ. ಮೊದಲು ನಾಲ್ಕು ಮೂಲೆಗೆ ಡ್ರಿಲ್ ಹಾಕಿ, ಆಮೇಲೆ ಒಂದು ತೂತಿನಿಂದ ಇನ್ನೊಂದಕ್ಕೆ ಕತ್ತರಿಸುವುದು ಸರಿಯಾದ ಕ್ರಮ.

3. ಆಕಾರ ಕೊಡುವ ಕ್ರಮ

20 ಮಿಲಿಮೀಟರ್ ದಪ್ಪದ ಹಲಗೆಗೆ ಫುಲ್ ರೌಂಡ್ ಬೇಕಾದರೆ, ಮೇಲಿನಿಂದ 10 ಮತ್ತು ಕೆಳಗಿನಿಂದ 10 ಮಿಲಿಮೀಟರ್ ತಿರುವು ಬರಬೇಕು.

ಅ) ಹಲಗೆಯನ್ನು ಅಲುಗಾಡದಂತೆ ಮಟ್ಟವಾಗಿ ಇಡಿ. ಅಂಚಿನ ಉದ್ದಕ್ಕೂ ಗೆರೆ ಎಳೆಯಿರಿ.
ಆ) ಒಂದೇ ಸಲ ದುಂಡು ಮಾಡಲು ಹೋಗಬೇಡಿ. ಮೊದಲು ಮೂಲೆಯನ್ನು ಓರೆಯಾಗಿ ತೆಗೆಯಿರಿ. ಆಗ ಉಳಿಯುವ ಎರಡು ಸಣ್ಣ ಏಣುಗಳನ್ನು ಮತ್ತೆ ಓರೆ ಮಾಡಿ. ಹೀಗೆ ಏಣುಗಳು ಸಣ್ಣದಾಗುತ್ತಾ ತಾನೇ ದುಂಡಾಗುತ್ತದೆ.
ಇ) ಮಷಿನ್ ಒಂದೇ ಕಡೆ ನಿಲ್ಲಬಾರದು. ಈ ತುದಿಯಿಂದ ಆ ತುದಿಗೆ ಒಂದೇ ಸಮನೆ ಓಡುತ್ತಿರಬೇಕು. ನಿಂತಲ್ಲಿ ಗುಳಿ ಬೀಳುತ್ತದೆ.
ಈ) ಬೇಕಾದ ತಿರುವನ್ನು ರಟ್ಟಿನಲ್ಲಿ ಕತ್ತರಿಸಿಟ್ಟುಕೊಂಡು, ಅಡಿಗೊಂದು ಕಡೆ ಅಂಚಿಗೆ ಹಿಡಿದು ನೋಡಿ. ಬೆಳಕು ಕಂಡ ಜಾಗದಲ್ಲಿ ತಿರುವು ಇನ್ನೂ ಸರಿಯಾಗಿಲ್ಲ ಎಂದರ್ಥ.

4. ಹೊಳಪು ಬರುವುದು ಹೇಗೆ?

ಹೊಳಪು ಎಂದರೆ ಮೇಲಿನಿಂದ ಬಳಿಯುವ ಬಣ್ಣವಲ್ಲ. ದೊಡ್ಡ ಗೀರನ್ನು ಸಣ್ಣ ಗೀರಿನಿಂದ, ಸಣ್ಣದನ್ನು ಇನ್ನೂ ಸಣ್ಣದರಿಂದ ಅಳಿಸುತ್ತಾ ಹೋಗುವುದು. ಡೈಮಂಡ್ ಪ್ಯಾಡುಗಳನ್ನು 50, 100, 200, 400, 800, 1500, 3000 ಹೀಗೆ ನಂಬರ್ ಪ್ರಕಾರ ಹಾಕುತ್ತಾರೆ. ನಡುವೆ ನಂಬರ್ ಹಾರಿಸಿದರೆ ಹಳೆ ಗೀರು ಒಳಗೇ ಉಳಿದು ಕೊನೆಗೆ ಬೆಳಕಿನಲ್ಲಿ ಕಾಣುತ್ತದೆ. ಪ್ರತಿ ಪ್ಯಾಡಿನ ನಂತರ ತೊಳೆದು, ಒರೆಸಿ, ಒಣಗಿದ ಮೇಲೆ ನೋಡಬೇಕು. ನೀರಿದ್ದಾಗ ಎಲ್ಲ ಕಲ್ಲೂ ಹೊಳೆಯುತ್ತದೆ, ಅದನ್ನು ನಂಬಬಾರದು. ಮಾರ್ಬಲ್ ಮೆದುವಾದ್ದರಿಂದ ಕೈ ಹಗುರವಾಗಿರಲಿ, ವೇಗ ಕಡಿಮೆಯಿರಲಿ.

5. ಧೂಳಿನ ಮಾತು

ಮೇಲಿನ ಕೆಲಸವನ್ನೆಲ್ಲ ನೀರು ಹಾಕಿಯೂ ಮಾಡಬಹುದು, ಒಣಗಿಯೂ ಮಾಡಬಹುದು. ವ್ಯತ್ಯಾಸ ಕಲ್ಲಿಗಿಂತ ಹೆಚ್ಚಾಗಿ ಎದೆಯಲ್ಲಿ ಕಾಣುತ್ತದೆ.

ಒಣಗಿ ಉಜ್ಜಿದಾಗ ಏಳುವ ಬಿಳಿ ಮೋಡದಲ್ಲಿ ಕಣ್ಣಿಗೆ ಕಾಣುವ ಪುಡಿ ಮೂಗಿನಲ್ಲೇ ನಿಲ್ಲುತ್ತದೆ. ಕಾಣದಷ್ಟು ಸಣ್ಣದು ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಅಲ್ಲಿ ಸಿಲಿಕಾ ಕರಗುವುದಿಲ್ಲ, ಸುತ್ತ ಗಾಯದ ಗಂಟು ಕಟ್ಟುತ್ತದೆ. ಇದೇ ಸಿಲಿಕೋಸಿಸ್. ಮೊದಲು ಒಣಕೆಮ್ಮು, ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು. ವಾಸಿ ಮಾಡುವ ಔಷಧಿ ಇಲ್ಲ. ಈ ಕಾಯಿಲೆ ಇದ್ದವರಿಗೆ ಕ್ಷಯವೂ ಸುಲಭವಾಗಿ ಬರುತ್ತದೆ. ಎಕ್ಸರೆಯಲ್ಲಿ ಎರಡೂ ಒಂದೇ ಥರ ಕಾಣಬಹುದಾದ್ದರಿಂದ ಬರೀ ಟಿ.ಬಿ. ಎಂದು ಔಷಧಿ ನುಂಗುತ್ತಾ, ಅದೇ ಧೂಳಿನ ಕೆಲಸಕ್ಕೆ ಮರಳುವವರೂ ಇದ್ದಾರೆ.

ಮಾರ್ಬಲ್ ಧೂಳಿನಲ್ಲಿ ಸಿಲಿಕಾ ಕಡಿಮೆ. ಆದರೆ ಇವತ್ತು ಮಾರ್ಬಲ್ ಉಜ್ಜಿದ ಹುಡುಗ ನಾಳೆ ಗ್ರಾನೈಟ್, ನಾಡಿದ್ದು ಕ್ವಾರ್ಟ್ಜ್ ಉಜ್ಜುತ್ತಾನೆ. ಕ್ವಾರ್ಟ್ಜ್ ಕೆಲಸದವರಲ್ಲಿ ಚಿಕ್ಕ ವಯಸ್ಸಿಗೇ ಈ ಕಾಯಿಲೆ ಕಂಡು, ಆಸ್ಟ್ರೇಲಿಯಾ ದೇಶ 2024ರ ಜುಲೈ 1ರಿಂದ ಆ ಹಲಗೆಯನ್ನೇ ನಿಷೇಧಿಸಿತು. ನಮ್ಮ ದೇಶದಲ್ಲಿ ರಾಜಸ್ಥಾನ ಸರ್ಕಾರ 2019ರಲ್ಲಿ ಇಂಥ ರೋಗಿಗಳಿಗಾಗಿ ಪ್ರತ್ಯೇಕ ನೀತಿ ತಂದಿತು.

ಹಾಗಾದರೆ ನೀರು ಯಾಕೆ ಹಾಕುವುದಿಲ್ಲ? ಹುಡುಗರ ಅಸಡ್ಡೆ ಎಂದು ಹೇಳಿ ನಾವು ಕೈತೊಳೆದುಕೊಳ್ಳಬಾರದು. ಕೂಲಿ ಸಾಮಾನ್ಯವಾಗಿ ರನ್ನಿಂಗ್ ಫೀಟ್ ಲೆಕ್ಕ. ಬೇಗ ಮುಗಿಸಿದಷ್ಟು ದುಡ್ಡು. ಮನೆಯವರು "ಗೋಡೆ ಗಲೀಜಾಗುತ್ತೆ, ನೀರು ಬೇಡ" ಅಂತಾರೆ. ಕಂಟ್ರಾಕ್ಟರ್ ಮಾಸ್ಕ್ ಕೊಡುವುದಿಲ್ಲ. ಮೂವರ ಅವಸರ ಸೇರಿ ಒಬ್ಬನ ಎದೆಯ ಮೇಲೆ ಕೂರುತ್ತದೆ.

6. ನಾವು ಮಾಡಬಹುದಾದದ್ದು

* ಕತ್ತರಿಸುವುದು, ದುಂಡು ಮಾಡುವುದು ಮನೆಯ ಹೊರಗೆ ಅಥವಾ ಅಂಗಡಿಯಲ್ಲೇ ಮುಗಿಯಲಿ. ಆಗ ನೀರಿನ ತಕರಾರು ಇರುವುದಿಲ್ಲ.
* ನೀರಿನ ಕೆಲಸಕ್ಕೆ ನೀರು ಬಿಡಲೆಂದೇ ಮಾಡಿದ ಪಾಲಿಶ್ ಮಷಿನ್ ಬೇಕು. ಸಾಮಾನ್ಯ ಗ್ರೈಂಡರಿಗೆ ನೀರು ಸುರಿದರೆ ಕರೆಂಟ್ ಹೊಡೆಯುತ್ತದೆ. ಲೈನಿಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಇರಲಿ.
* ಕರ್ಚೀಫು, ಟವೆಲ್ ಸಾಲದು. ಕಡಿಮೆಯೆಂದರೆ ಎನ್-95 ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರಬೇಕು. ಕಣ್ಣಿಗೆ ಕನ್ನಡಕ, ಕಿವಿಗೂ ರಕ್ಷಣೆ.
* ಕೆಸರು ಒಣಗಿದರೆ ಮತ್ತೆ ಧೂಳೇ. ಹಸಿ ಇರುವಾಗಲೇ ಬಳಿದು ತೆಗೆಯಿರಿ, ಒಣ ಪೊರಕೆ ಬೇಡ.
* ಕೆಲಸದ ಬಟ್ಟೆ ಮನೆಯೊಳಗೆ ಕೊಡವಬೇಡಿ. ಒಗೆಯುವ ಮುಂಚೆ ನೆನೆಸಿಡಿ. ಆ ಧೂಳು ಒಗೆಯುವ ತಾಯಂದಿರಿಗೂ ಸೇರುತ್ತದೆ.
* ಬೀಡಿ ಸಿಗರೇಟು ಬಿಡಬೇಕು.
* ಕೆಮ್ಮು ಎಂದು ಆಸ್ಪತ್ರೆಗೆ ಹೋದಾಗ "ನಾನು ಕಲ್ಲು ಉಜ್ಜುವ ಕೆಲಸದವನು" ಎಂದು ಡಾಕ್ಟರಿಗೆ ತಪ್ಪದೆ ಹೇಳಿ. ಚೀಟಿಯಲ್ಲಿ ಬರೆಸಿ. ಎಕ್ಸರೆ ಜೋಪಾನವಾಗಿಡಿ.
* ಸಿಲಿಕೋಸಿಸ್ ಕೆಲಸದಿಂದ ಬರುವ ಕಾಯಿಲೆ ಎಂದು ಕಾನೂನು ಒಪ್ಪಿದೆ. ಇ.ಎಸ್.ಐ. ಇದ್ದವರು ಅಲ್ಲಿ ಕೇಳಿ. ಕಟ್ಟಡದಲ್ಲಿ ವರ್ಷಕ್ಕೆ 90 ದಿನ ದುಡಿದವರು, 18ರಿಂದ 60 ವರ್ಷದೊಳಗಿನವರು, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿ.

ಮನೆ ಕಟ್ಟಿಸುವ ಸದಸ್ಯರಿಗೂ ಒಂದು ಮಾತು. ರೇಟು ಮಾತಾಡುವಾಗಲೇ "ನೀರು ಹಾಕಿ ಮಾಡಿ, ಒಂದು ದಿನ ಹೆಚ್ಚಾದರೂ ಪರವಾಗಿಲ್ಲ" ಎಂದು ಹೇಳಿ, ಆ ದಿನದ ಕೂಲಿಯನ್ನೂ ಲೆಕ್ಕಕ್ಕೆ ಸೇರಿಸಿ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದ ಎಷ್ಟು ಮನೆಗಳಿಂದ ಕಲ್ಲಿನ ಕೆಲಸಕ್ಕೆ ಹೋಗುತ್ತಾರೆ? ಅವರಲ್ಲಿ ಕೆಮ್ಮು, ಏದುಸಿರು ಇರುವವರು ಯಾರು?
2. ಅವರಲ್ಲಿ ಎಷ್ಟು ಜನರ ಬಳಿ ಕಾರ್ಮಿಕ ಕಾರ್ಡ್ ಇದೆ?
3. ನೀರಿನ ಪಾಲಿಶ್ ಮಷಿನ್ ಕೊಳ್ಳಲು ಸಂಘದಿಂದ ಸಾಲ ಕೊಡಬಹುದೇ? ಎಷ್ಟು ಕಂತಿನಲ್ಲಿ ತೀರಿಸಬಹುದು?

ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಮುಂದಿನ ಭೇಟಿಯಲ್ಲಿ ನಮ್ಮ ಕಾರ್ಯಕರ್ತೆಗೆ ತೋರಿಸಿ.